ಎರಡು ಮಂಡಿ, ಎರಡು ಸರ್ಕಾರ

ಯಲಹಂಕ ಹಳೇ ಪಟ್ಟಣದ ಟೀ ಅಂಗಡಿ. ಗಲ್ಲಾದ ಹಿಂದೆ ಎಪ್ಪತ್ತೆರಡರ ಅಜ್ಜಿ. ಎದುರಿಗೆ ಬೈಟು ಕಾಫಿ ಹಿಡಿದ ವಾರ್ಡ್ ಲೀಡರ್. (ಪಕ್ಷ ಕೇಳಬೇಡಿ, ಚುನಾವಣೆಗೊಮ್ಮೆ ಬದಲಾಗುತ್ತದೆ.)

"ಏನಪ್ಪಾ ಲೀಡ್ರೇ, ಎಪ್ಪತ್ತು ದಾಟಿದೋರಿಗೆಲ್ಲ ಐದು ಲಕ್ಷದ ಚಿಕಿತ್ಸೆ ಅಂತ 2024ರಲ್ಲೇ ದಿಲ್ಲಿಯೋರು ಅಂದ್ರಲ್ಲ?"

"ನಮ್ಮ ತಕರಾರಿದೆ ಅಜ್ಜಿ. ಖರ್ಚಲ್ಲಿ ಶೇ. 60 ಅವರದು, 40 ನಮ್ಮ ರಾಜ್ಯದ್ದು ಅಂತಾರೆ. ಆದ್ರೆ ಅವರು ಕೊಡೋದು 2011ರ ಸಾಮಾಜಿಕ-ಆರ್ಥಿಕ ಗಣತೀಲಿ ಸಿಕ್ಕ ಬಡ ಕುಟುಂಬಗಳ ಲೆಕ್ಕಕ್ಕೆ. ಮಿಕ್ಕಿದ್ದೆಲ್ಲ ನಮ್ಮ ತಲೆಗೆ!"

"ನಂಗಿರೋದು ನೋಯೋ ಎರಡು ಮಂಡಿ. ಇದ್ರಲ್ಲಿ 60 ಯಾವುದು, 40 ಯಾವುದು?"

"ರೇಷನ್ ಕಾರ್ಡ್ ಯಾವುದು?"

"ಎಪಿಎಲ್."

"ಹಂಗಾದ್ರೆ ರಾಜ್ಯದ ಯೋಜನೇಲಿ ಪ್ಯಾಕೇಜಿನ ಶೇ. 30 ಸಿಗುತ್ತೆ."

"ಬಾಕಿ 70?"

"ಎಪ್ಪತ್ತು ದಾಟೋದು ನಿಮಗೇನು ಹೊಸದಾ ಅಜ್ಜಿ! ಒಂದಂತೂ ಇತ್ಯರ್ಥವಾಗಿದೆ, ಕಾರ್ಡಿನ ಹೆಸರು: ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನ ಆರೋಗ್ಯ ಮುಖ್ಯಮಂತ್ರಿಗಳ ಆರೋಗ್ಯ ಕರ್ನಾಟಕ. ಇಬ್ಬರಿಗೂ ಜಾಗ ಕೊಟ್ಟಿದ್ದೀವಿ."

"ರೋಗಿ ಹೆಸರಿಗೆ?"

"ಕೆಳಗೆ, ಸಣ್ಣಕ್ಷರದಲ್ಲಿ."

"ಇಷ್ಟುದ್ದ ಓದಿ ಮುಗಿಸೋದ್ರೊಳಗೆ ಆಂಬುಲೆನ್ಸು ಹೆಬ್ಬಾಳ ಫ್ಲೈಓವರ್ ದಾಟಿರುತ್ತೆ ಬಿಡು."

"ಛೇ, ಸುಳ್ಳು ಹೇಳಬಾರದು ಅಜ್ಜಿ. ಅಷ್ಟು ಬೇಗ ಹೆಬ್ಬಾಳ ಯಾರಿಗೂ ದಾಟಕ್ಕಾಗಲ್ಲ."