ಸೂಜಿಗೊಂದು ಶುಭಮುಹೂರ್ತ

ನಮ್ಮ ದೇವನಹಳ್ಳಿ, ಹೆಬ್ಬಾಳದಲ್ಲಿ ಹಾಯುವ 44ನೇ ಹೆದ್ದಾರಿಯೇ ಉತ್ತರದಲ್ಲಿ ಮಥುರಾ ರಸ್ತೆ ಎನಿಸಿಕೊಂಡು, ಪಕ್ಕದ ಫರೀದಾಬಾದ್ ನಗರವನ್ನು ಸೀಳಿ ದೆಹಲಿಗೆ ಹೋಗುತ್ತದೆ. ಲಾರಿಗೆ, ಆಟೊಗೆ, ರಾಂಗ್ ಸೈಡಿನಲ್ಲಿ ಬರುವ ಬೈಕಿಗೆ, ಎಲ್ಲಕ್ಕೂ ಆತುರ. ಢಿಕ್ಕಿಯಾದ ಮರುಕ್ಷಣದಿಂದ ಯಾರಿಗೂ ಆತುರವಿಲ್ಲ.

ಗಾಯವಾದ ಮೊದಲ ಒಂದು ಗಂಟೆಯೇ ‘ಗೋಲ್ಡನ್ ಅವರ್’ ಎಂದು 2019ರಲ್ಲಿ ಕಾನೂನೇ ಬರೆದಿಟ್ಟಿತು. ಆ ಚಿನ್ನದ ಗಂಟೆಗೆ ದುಡ್ಡು ಹೊಂದಿಸುವ ಯೋಜನೆ, ಒಂದೂವರೆ ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆ, ದೇಶಕ್ಕೆಲ್ಲ ಬಂದದ್ದು 2025ರ ಮೇ ತಿಂಗಳಲ್ಲಿ. ಅದೂ ಸುಪ್ರೀಂ ಕೋರ್ಟ್ ಕಿವಿ ಹಿಂಡಿದ ಮೇಲೆ. ಫರೀದಾಬಾದಿನ ಸಿವಿಲ್ ಆಸ್ಪತ್ರೆಗಿದ್ದ ಬಾದಶಾ ಖಾನ್ ಹೆಸರು ತೆಗೆದು ವಾಜಪೇಯಿ ಹೆಸರಿಡುವ ಆದೇಶ ಮಾತ್ರ 2020ರಲ್ಲೇ ಹೊರಟಿತ್ತು. ಬೋರ್ಡಿಗೆ ಎಂದೂ ರಾಹುಕಾಲವಿಲ್ಲ.

ಗಾಯಾಳುವಿಗೆ ಎರಡು ಪಂಚಾಂಗ. ಸಣ್ಣ ಆಸ್ಪತ್ರೆಯ ಪಂಚಾಂಗದಲ್ಲಿ ಯಾವುದಕ್ಕೂ ಘಳಿಗೆ ಕೂಡಿಬರುವುದಿಲ್ಲ. ಗಂಟಲಿಗೆ ಟ್ಯೂಬ್ ಇಳಿಸಿ, ಮುಂಗೈಗೆ ಕೂಸಿನ ಅಳತೆಯ ಕ್ಯಾನುಲಾ ಒಂದನ್ನು ಅಂಟಿಸಿ, ಉಸಿರೊತ್ತುವ ಅಂಬು ಬ್ಯಾಗನ್ನು ಭಾವಮೈದುನನ ಕೈಗೆ ಕೊಟ್ಟು ‘ದೆಹಲಿಗೆ ಒಯ್ಯಿರಿ’ ಎನ್ನುತ್ತಾರೆ. ಬದರ್‌ಪುರ ಗಡಿಯ ಟ್ರಾಫಿಕ್ಕಿನಲ್ಲಿ ಬಿಪಿ ಎಷ್ಟಿತ್ತು ಎಂಬುದು ಭಗವಂತನಿಗೆ ಮತ್ತು ಭಾವಮೈದುನನಿಗೆ ಬಿಟ್ಟದ್ದು.

ಗಾಜಿನ ಕಟ್ಟಡದ ದೊಡ್ಡ ಆಸ್ಪತ್ರೆಯ ಪಂಚಾಂಗದಲ್ಲೋ, ಎಲ್ಲಕ್ಕೂ ಈಗಲೇ ಲಗ್ನ. ಒಳಗೆ ಸ್ಪ್ಲೀನ್ ಒಡೆದು ಹೊಟ್ಟೆ ಉಬ್ಬುತ್ತಿದ್ದರೂ ಅಲಂಕಾರ ಮುಗಿಯದೆ ಓಟಿಗೆ ದಿಬ್ಬಣ ಹೊರಡಕೂಡದು. ಕೊರಳಿನ ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್ ಎಂಬ ಉದ್ದನೆಯ ಕೊಳವೆ, ಬಿಪಿ ನೋಡಲು ಮಣಿಕಟ್ಟಿನ ಅಪಧಮನಿಗೆ ಆರ್ಟೀರಿಯಲ್ ಲೈನ್. ಮೊದಲ ಸಲ ಸಿಗಲಿಲ್ಲವೇ, ಇನ್ನೊಂದು ಕೈ ಇದೆ. ಅದೂ ಆಗದಿದ್ದರೆ ಸೀನಿಯರ್ ಬರುತ್ತಾರೆ. ಮಾನಿಟರಿನಲ್ಲಿ ಕೆಂಪು ಅಲೆ ಎದ್ದಾಗ ಸುತ್ತ ನಿಂತವರ ಮುಖದಲ್ಲಿ ಎಂಥ ಧನ್ಯತೆ! ಕೆಂಪು ಅಲೆ ಹೊಟ್ಟೆಯೊಳಗೂ ಏರುತ್ತಿದೆ, ಅಲ್ಲಿಗೆ ಪರದೆಯಿಲ್ಲ.

ಪೈಪಿನ ಕೆಲಸದವನನ್ನು ಕೇಳಿದರೂ ಹೇಳುತ್ತಾನೆ, ಗಿಡ್ಡ ದಪ್ಪ ಕೊಳವೆಯಲ್ಲಿ ಹರಿವು ಜಾಸ್ತಿ, ಉದ್ದನೆಯ ಸಣ್ಣದರಲ್ಲಿ ಕಡಿಮೆ. ತೋಳಿಗೆ ಹಾಕಿದ 14 ಗೇಜಿನ ಕ್ಯಾನುಲಾ ಹರಿಸುವಷ್ಟು ರಕ್ತದಲ್ಲಿ ಅರ್ಧವನ್ನೂ ಮೂರು ಕವಲಿನ ಸೆಂಟ್ರಲ್ ಲೈನಿನ ಒಂದು ಕವಲು ಹರಿಸದು. ರಕ್ತ ಸೋರುತ್ತಿರುವವನಿಗೆ ಎರಡು ದಪ್ಪ ಕ್ಯಾನುಲಾ, ರಕ್ತದ ಚೀಲ ಮತ್ತು ಓಟಿಯ ಬಾಗಿಲು, ಇಷ್ಟು ಮೊದಲು. ಸರ್ಜನ್ ಹೊಟ್ಟೆ ತೆರೆಯುತ್ತಿರುವಾಗಲೇ ಅರಿವಳಿಕೆ ವೈದ್ಯರು ಮಣಿಕಟ್ಟು ಹುಡುಕಬಹುದು. ಅದೇ ಆರ್ಟೀರಿಯಲ್ ಲೈನ್, ತಲೆಗೆ ಪೆಟ್ಟು ಬಿದ್ದು ಐಸಿಯುವಿನಲ್ಲಿ ಮಲಗಿದವನಿಗೆ ಕ್ಷಣಕ್ಷಣದ ಬಿಪಿ ಹೇಳುವ ಆಪ್ತ. ದೂರಕ್ಕೆ ಸಾಗಿಸಬೇಕಾದಾಗಲೂ ಅಷ್ಟೇ, ಅಲುಗಾಡುವ ಆಂಬುಲೆನ್ಸಿನಲ್ಲಿ ತೋಳಪಟ್ಟಿಯ ಬಿಪಿಯನ್ನು ನಂಬುವುದು ಕಷ್ಟ. ಇದೆಲ್ಲ ಆ ಆಸ್ಪತ್ರೆಗಳ ವೈದ್ಯರಿಗೂ ಗೊತ್ತು. ಆದರೆ ಘಳಿಗೆ ನಿಶ್ಚಯಿಸುವವರು ಬೇರೆ: ಶಿಫ್ಟ್ ಬದಲಾವಣೆ, ಕೈ ಪಳಗಿಸಿಕೊಳ್ಳಬೇಕಾದ ಕಿರಿಯರು, ಅಡ್ವಾನ್ಸ್ ಬಂತೇ ಎಂದು ಇಣುಕುವ ಕ್ಯಾಶ್ ಕೌಂಟರ್.

ಅಡ್ವಾನ್ಸ್ ಮುಗಿದ ದಿನ ‘ಬೆಡ್ ಇಲ್ಲ’ ಎಂಬ ಜ್ಞಾನೋದಯವಾಗಿ ರೋಗಿ ದೆಹಲಿಯ ದಾರಿ ಹಿಡಿಯುತ್ತಾನೆ. ಅಲ್ಲಿ ಇಳಿಸಿಕೊಂಡವರ ಮೊದಲ ಪ್ರಶ್ನೆ, ಈ ಲೈನ್ ಹಾಕಿದ್ದು ಯಾವಾಗ, ಗೌನು ಗ್ಲೌಸು ತೊಟ್ಟು ಶುದ್ಧವಾಗಿ ಹಾಕಿದ್ದೋ ಇಲ್ಲವೋ? ತುರ್ತಿನಲ್ಲಿ ಶುದ್ಧತೆಯ ಖಾತ್ರಿಯಿಲ್ಲದೆ ಹಾಕಿದ್ದನ್ನು 48 ಗಂಟೆಯೊಳಗೆ ಬದಲಿಸಬೇಕು ಎನ್ನುತ್ತವೆ ಸೋಂಕು ತಡೆಯ ಸೂತ್ರಗಳು. ರೆಫರಲ್ ಚೀಟಿಯಲ್ಲಿ ಆ ಜಾಗ ಖಾಲಿ. ಭಾವಮೈದುನ ಜೇಬಿನಿಂದ ಮಡಿಸಿದ ಬಿಲ್ಲು ತೆಗೆದು ಚಾಚುತ್ತಾನೆ. ಸೆಂಟ್ರಲ್ ಲೈನ್, ಆರ್ಟೀರಿಯಲ್ ಲೈನ್ ಎರಡಕ್ಕೂ ತಾರೀಕು, ಗಂಟೆ, ನಿಮಿಷ ಸಮೇತ ಅಚ್ಚಾಗಿದೆ.