ಢಂ ಮೀಮಾಂಸೆ ಅರ್ಥಾತ್ ಮಂಗಸೂಳಿಯ ಸ್ಪೋರ್ಟ್ಸ್ ಕಾರಿನ ಗರ್ನಾಲು

ಹಳೆಯ ಪೆಟ್ರೋಲ್ ಎಂಜಿನ್ ಯಾಕೆ ಢಂ ಅನ್ನುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಪೂರ್ವಸೂರಿಗಳು ಪೂರ್ತಿ ಕಡೆಗಣಿಸಿದ್ದಾರೆ. ಷಡ್ದರ್ಶನಗಳಲ್ಲಿ ಕಾರ್ಬೊರೇಟರಿನ ಪ್ರಸ್ತಾಪವೇ ಇಲ್ಲ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂದು ಸಾಧಿಸಿದ ನೈಯಾಯಿಕರು ಅಷ್ಟಕ್ಕೇ ಕೈತೊಳೆದುಕೊಂಡರು. ಹೊಗೆ ಕರಿಯದೋ ಬಿಳಿಯದೋ, ಸೈಲೆನ್ಸರಿನಿಂದ ಬಂತೋ ಬಾನೆಟ್ಟಿನ ಕೆಳಗಿಂದ ಬಂತೋ ಎಂದು ಒಬ್ಬರೂ ಕೇಳಲಿಲ್ಲ. ಈ ಲೋಪವನ್ನು ತುಂಬುವ ಹೊಣೆ ಈಗ ಕಾಗವಾಡ ತಾಲೂಕಿನ ಮಂಗಸೂಳಿಯ ಹೆಗಲೇರಿದೆ.

ಮಂಗಸೂಳಿ ಖಂಡೋಬಾನ ಊರು. ಭಂಡಾರ ಹಾರುವಾಗ, ಗರ್ನಾಲು ಸಿಡಿಯುವಾಗ ಕಣ್ಣು ಮಿಟುಕಿಸದ ಇಲ್ಲಿಯ ಜನ, ಒಂದು ಕಾರು ಢಂ ಅಂದಕೂಡಲೇ ಅರ್ಧ ಕಪ್ಪು ಚಹಾ ಬಿಟ್ಟು ಎದ್ದು ಬರುತ್ತಾರೆ. ದೇವರ ಸದ್ದಿಗೆ ಕಾರಣ ಬೇಕಾಗಿಲ್ಲ, ಕಾರಿನ ಸದ್ದಿಗೆ ಬೇಕು. ಸಂಶೋಧನೆಗೆ ಇದಕ್ಕಿಂತ ಒಳ್ಳೆಯ ನೆಲ ಇಲ್ಲ.

ಸ್ಪೋರ್ಟ್ಸ್ ಕಾರು ಎಂಬ ಪದಾರ್ಥ ಕನ್ನಡಿಗರಿಗೆ ಹೊಸದೂ ಅಲ್ಲ. ಬೆಂಗಳೂರಿನ ಸಿಪಾನಿಯವರು 1980ರ ದಶಕದಲ್ಲಿ ಬ್ರಿಟನ್ನಿನ ರಿಲಯಂಟ್ ಕಿಟನ್ ಮಾದರಿಯ ಮೇಲೆ ಡಾಲ್ಫಿನ್ ಎಂಬ ಫೈಬರ್ ಮೈಯ ಎರಡು ಬಾಗಿಲಿನ ಕಾರು ಮಾಡಿದರು. ಎಂಜಿನ್ 848 ಸಿಸಿ. ಹಗುರ ಮೈಯ ಬಲದಿಂದ ಅದು ರ‍್ಯಾಲಿಗಳಲ್ಲಿ ಓಡಿ ಹೆಸರು ಮಾಡಿತು. ಆದರೆ ನಮ್ಮ ಅಧ್ಯಯನಕ್ಕೆ ದೊರೆತ ಗಾಡಿಯ ಕಂಪನಿ ಯಾವುದೆಂದು ಮಾನನಷ್ಟ ಮೊಕದ್ದಮೆಯ ಭಯದಿಂದ ಹೇಳಲಾರೆ. ಎರಡು ಬಾಗಿಲು, ಕೆಂಪು ಬಣ್ಣ, ಬಾನೆಟ್ಟಿನ ಮೇಲೆ ಬಿಳಿಯ ಪಟ್ಟಿ, ಪಟ್ಟಿಯ ಮೇಲೆ ಭಂಡಾರ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದೆ ಸೆಕೆಂಡ್ ಗೇರಿನಲ್ಲೇ ಆಯುಷ್ಯ ಕಳೆದದ್ದರಿಂದ ಅದನ್ನು ಸ್ಪೋರ್ಟ್ಸ್ ಕಾರು ಎನ್ನುವುದು ಕೇವಲ ಶಬ್ದಪ್ರಮಾಣದಿಂದ. ಶಬ್ದ ಮಾತ್ರ ಬೇಕಾದಷ್ಟಿತ್ತು.

ಮೀಮಾಂಸೆಯಲ್ಲಿರುವಂತೆ ಢಂನಲ್ಲಿಯೂ ಎರಡು ಭೇದ: ಪೂರ್ವಢಂ, ಉತ್ತರಢಂ. ಸಿಲಿಂಡರಿನಲ್ಲಿ ಉರಿಯಬೇಕಾದದ್ದು ಹಿಮ್ಮುಖವಾಗಿ ಕಾರ್ಬೊರೇಟರಿನಿಂದ ಸಿಡಿದರೆ ಅದು ಪೂರ್ವಢಂ. ಸಿಲಿಂಡರಿನಲ್ಲಿ ಉರಿಯದೆ ಉಳಿದ ಪೆಟ್ರೋಲು ಬಿಸಿ ಸೈಲೆನ್ಸರಿಗೆ ಹೋಗಿ ಅಲ್ಲಿ ಹೊತ್ತಿಕೊಂಡರೆ ಉತ್ತರಢಂ. ಎಕ್ಸಿಲರೇಟರ್ ಒತ್ತಿದಾಗ ಬರುವುದು ಹೆಚ್ಚಾಗಿ ಮೊದಲನೆಯದು. ಇಳಿಜಾರಿನಲ್ಲಿ ಕಾಲು ತೆಗೆದಾಗ ಬರುವುದು ಎರಡನೆಯದು. ಈ ಭೇದ ತಿಳಿಯದವರು ಸೈಲೆನ್ಸರಿಗೆ ಕೈಹಾಕಿ ಬೆರಳು ಸುಟ್ಟುಕೊಳ್ಳುತ್ತಾರೆ. ಇದಕ್ಕೆ ಪ್ರತ್ಯಕ್ಷಪ್ರಮಾಣ ಗ್ಯಾರೇಜಿನ ಹುಡುಗನ ಬಲಗೈಯಲ್ಲಿದೆ.

ಇನ್ನು ಪೂರ್ವಪಕ್ಷಗಳು. ಎಲ್ಲಕ್ಕೂ ಹಳೆಯದು ಕಚರಾವಾದ. "ಪೆಟ್ರೋಲದಾಗ ಕಚರಾ ಬಂದೈತ್ರಿ" ಎಂಬುದು ಇವರ ಏಕೈಕ ಸೂತ್ರ. ಗಾಡಿ ಸ್ಟಾರ್ಟ್ ಆಗದಿದ್ದರೂ ಕಚರಾ, ನಿಲ್ಲದಿದ್ದರೂ ಕಚರಾ. ಟೈಮಿಂಗ್‌ವಾದಿಗಳು ಇವರಿಗಿಂತ ಸೂಕ್ಷ್ಮಮತಿಗಳು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡೆಲ್ಕೋದ ಮುಚ್ಚಳ ತೆಗೆಯದೆ ಮಾತಾಡುವುದಿಲ್ಲ. ನಾಲ್ಕು ಸಿಲಿಂಡರು ಸಾಮಾನ್ಯವಾಗಿ 1-3-4-2ರ ಸರದಿಯಲ್ಲಿ ಉರಿಯುತ್ತವೆ. ಎರಡು ಪ್ಲಗ್ ವೈರು ಅದಲುಬದಲಾದರೆ ಸಾಕು, ಕಿಡಿ ಹೊತ್ತಲ್ಲದ ಹೊತ್ತಿಗೆ ಹಾರಿ ಢಂ ಆಗುತ್ತದೆ. ಡೆಲ್ಕೋದೊಳಗಿನ ಪಾಯಿಂಟಿನ ನಡುವೆ ಸುಮಾರು 0.4 ಮಿ.ಮೀ. ಸಂದು ಇರಬೇಕೆಂಬುದು ಶಾಸ್ತ್ರ. ಫೀಲರ್ ಗೇಜ್ ಇಲ್ಲದ ಕಡೆ ಬೆಂಕಿಪೆಟ್ಟಿಗೆಯ ರಟ್ಟು ತುರುಕುವುದು ಆಪದ್ಧರ್ಮ. ನಮ್ಮ ಗಾಡಿಯಲ್ಲಿ ಸರದಿಯೂ ಸರಿ, ಸಂದೂ ಸರಿ ಇದ್ದದ್ದರಿಂದ ಈ ಮತದವರು ಚಹಾಕ್ಕೆ ಮರಳಿದರು.

ನಿಜವಾದ ಪ್ರತಿಭೆ ಕಂಡದ್ದು ಏರ್‌ವಾದಿಗಳಲ್ಲಿ. ಈ ಪ್ರದೇಶದ ಎಂಜಿನ್ ವಿದ್ಯೆ ಹುಟ್ಟಿದ್ದೇ ಬಾವಿ-ಹೊಳೆಗಳ ದಂಡೆಯಲ್ಲಿ, ಡೀಸೆಲ್ ಪಂಪ್‌ಸೆಟ್ಟಿನ ಮುಂದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಮಿರಜಿನ ಆಚೆ ಕಿರ್ಲೋಸ್ಕರವಾಡಿ ಕಟ್ಟಿದ ಮೇಲೆ ಕೃಷ್ಣಾ ದಂಡೆಗೆ ನೇಗಿಲು, ಪಂಪು, ಎಂಜಿನ್ ಒಂದಾದಮೇಲೊಂದು ಬಂದವು, ಜತೆಗೆ ಒಂದು ಮಹಾವಾಕ್ಯವೂ ಬಂತು: "ಏರ್ ಹಿಡದೈತಿ." ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದರೆ ಎಂಜಿನ್ ನಿಲ್ಲುತ್ತದೆ, ನಟ್ಟು ಸಡಿಲಿಸಿ ಗಾಳಿ ಬಿಡಬೇಕು, ಸತ್ಯ. ಆದರೆ ಡೀಸೆಲ್ ಎಂಜಿನ್ನಿಗೆ ಪ್ಲಗ್ಗಿನ ಕಿಡಿಯೇ ಇಲ್ಲ. ಪಂಪ್‌ಸೆಟ್ಟಿನ ವೇದಾಂತ ಕಾರ್ಬೊರೇಟರಿಗೆ ಹೊಂದುವುದಿಲ್ಲವೆಂದು ವಿದ್ವಾಂಸರೆಲ್ಲ ಇವರನ್ನು ನಕ್ಕು ಕೂರಿಸಿದರು.

ಅಷ್ಟರಲ್ಲಿ ಮಿಸ್ತ್ರಿ ಬಂದ. ಗಾಡಿಯ ಮಾಲೀಕರಿಗೆ, "ಕಾಕಾ, ಮೊದಲ ಪ್ಲಗ್ ಬಿಚ್ಚೂಣು, ಆಮ್ಯಾಲ ಭಾಷಣಾ" ಎಂದ. ವಿದ್ವತ್ಸಭೆಗೆ ಇದು ಅಪಮಾನವಾದರೂ ಸಹಿಸಿಕೊಂಡಿತು. ನಾಲ್ಕೂ ಪ್ಲಗ್ಗುಗಳು ಬಾನೆಟ್ಟಿನ ಮೇಲೆ ಹಳೆಯ ಪತ್ರಿಕೆಯಲ್ಲಿ ಸಾಲಾಗಿ ಮಲಗಿದವು. ತುದಿ ಬಿಸ್ಕಿಟ್ ಬಣ್ಣಕ್ಕಿದ್ದರೆ ಎಂಜಿನ್ ಸುಖವಾಗಿದೆ. ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು. ಟ್ರ್ಯಾಕ್ಟರಿನ ಹಿಂದೆ ತೆವಳುವ ಗಾಡಿಯಾದ್ದರಿಂದ ಎಲ್ಲರೂ ಮಸಿಯ ಮೇಲೆ ಪಂಥ ಕಟ್ಟಿದ್ದರು. ಬಂದದ್ದು ಸುಣ್ಣ ಬಳಿದಂಥ ಬಿಳುಪು. ಅಂದರೆ ಪೆಟ್ರೋಲು ಕಡಿಮೆ, ಗಾಳಿ ಹೆಚ್ಚು. ಇಂಥ ಮಿಶ್ರಣ ನಿಧಾನವಾಗಿ ಉರಿಯುತ್ತದೆ. ಮುಂದಿನ ಸರದಿಗೆ ಇನ್‌ಲೆಟ್ ವಾಲ್ವ್ ತೆರೆಯುವ ಹೊತ್ತಿಗೂ ಒಳಗೆ ಉರಿ ಆರಿರುವುದಿಲ್ಲ. ಅದೇ ಕಾರ್ಬೊರೇಟರಿನ ಬಾಯಿಂದ ಹೊರಬೀಳುತ್ತದೆ. ಇದೇ ಪೂರ್ವಢಂ. ಮಿಸ್ತ್ರಿ ಎಂಜಿನ್ ಚಾಲೂ ಇಟ್ಟು ಮ್ಯಾನಿಫೋಲ್ಡಿನ ಸಂದಿಗೆ ನೀರು ಚಿಮುಕಿಸಿದ. ಒಂದು ಮೂಲೆಯಲ್ಲಿ ನೀರು ಒಳಗೆ ಎಳೆದುಕೊಂಡು ಎಂಜಿನ್ನಿನ ಸ್ವರವೇ ಬದಲಾಯಿತು. ಗ್ಯಾಸ್ಕೆಟ್ ಹೋಗಿದೆ, ಗಾಳಿ ನುಗ್ಗುತ್ತಿದೆ. ಏರ್‌ವಾದಿಗಳು ಗೆದ್ದರು! ತಪ್ಪು ಶಾಸ್ತ್ರದಿಂದ ಸರಿಯಾದ ಫಲ ಬರುವ ಈ ಪರಿಯ ಮೇಲೆ ಬೇರೆಯೇ ಒಂದು ಪಿಎಚ್‌ಡಿ ಆಗಬೇಕು.

ಗ್ಯಾಸ್ಕೆಟ್ ಹಾಕಿದ ಮೇಲೂ ಢಂ ಪೂರ್ತಿ ಹೋಗಲಿಲ್ಲ, ಸಣ್ಣದಾಯಿತು. ಉಳಿದದ್ದರ ಮೂಲ ಮಾಲೀಕರ ಹೊಲದಲ್ಲೇ ಇತ್ತು. ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್ ಬೆರೆಸುವ ಇ20ಕ್ಕೆ 2023ರ ಫೆಬ್ರುವರಿ 6ರಂದು ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಎಥೆನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ಬರುತ್ತದೆ. ಒಂದು ಪಾಲು ಬರೀ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದರೆ ಇ20ಕ್ಕೆ 13.5ರ ಆಸುಪಾಸು ಸಾಕು. ಹೊಸ ಗಾಡಿಗಳ ಕಂಪ್ಯೂಟರು ಇದನ್ನು ಸರಿದೂಗಿಸುತ್ತದೆ. ಹಳೆಯ ಕಾರ್ಬೊರೇಟರಿನ ಜೆಟ್ಟು ಹಿತ್ತಾಳೆಯ ತೂತು ಮಾತ್ರ, ಅದಕ್ಕೆ ಕೇಂದ್ರದ ಆದೇಶ ಮುಟ್ಟುವುದಿಲ್ಲ, ಮತ್ತೆ ಗಾಳಿಯೇ ಹೆಚ್ಚಾಗುತ್ತದೆ. ಕಾಕಾ ಬೆಳೆದ ಕಬ್ಬು ಕಾರ್ಖಾನೆಗೆ ಹೋಗಿ, ಕಾಕಂಬಿಯಾಗಿ, ಎಥೆನಾಲಾಗಿ, ಅವರದೇ ಟಾಕಿಗೆ ಮರಳಿ ಢಂ ಅನ್ನುತ್ತಿತ್ತು. ಪುನರ್ಜನ್ಮಕ್ಕೆ ಇಷ್ಟು ಗಟ್ಟಿ ಸಾಕ್ಷಿ ದರ್ಶನಗಳಲ್ಲೂ ಸಿಕ್ಕಿಲ್ಲ. ಇದನ್ನು ಕೇಳಿ ಕಾಕಾ, "ಕಬ್ಬಿನ ಬಿಲ್ ಇನ್ನೂ ಬಂದಿಲ್ಲ, ಮಾಲ್ ಮಾತ್ರ ಹೊಳ್ಳಿ ಬಂತಲ್ಲೋ!" ಎಂದರು.

ಸಿದ್ಧಾಂತವಿಷ್ಟು: ಗ್ಯಾಸ್ಕೆಟ್ ಹೊಸದು, ಮೇನ್ ಜೆಟ್ ಒಂದು ನಂಬರ್ ದೊಡ್ಡದು, ಎಥೆನಾಲಿಗೆ ಬಿರಿಯುವ ಹಳೆಯ ರಬ್ಬರ್ ಪೈಪು ಕಿತ್ತು ಹೊಸದು. ಉತ್ತರಢಂ ಮಾತ್ರ ಅಲ್ಲಲ್ಲಿ ಉಳಿದಿದೆ. ಸೈಲೆನ್ಸರಿನ ಜೋಡಣೆಯನ್ನು ಕಾಕಾನ ಮೊಮ್ಮಗ ಬೇಕೆಂದೇ ಬಿಗಿ ಮಾಡಿಸುತ್ತಿಲ್ಲವೆಂಬ ಗುಮಾನಿ ಇದೆ. ಜೆಟ್ಟಿಗಾಗಿ ಮಿರಜಿಗೆ ಹೋಗುವ ಓದುಗರು ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿರಿ. ಬಾಯಿಮಾತಿನಲ್ಲಿ ಕೇಳಿದರೆ ಪಂಪ್‌ಸೆಟ್ಟಿನ ನಾಝಲ್ ಕಟ್ಟಿ ಕೊಡುತ್ತಾರೆ.