ರೋಟರ್ ರಾಯರು

ಡೆಟ್ರಾಯಿಟ್ ಸುತ್ತಮುತ್ತ ನಾಲ್ಕು ಕನ್ನಡದ ಮನೆ ಇದ್ದಲ್ಲಿ ಒಬ್ಬರು ರೋಟರ್ ರಾಯರು ಇದ್ದೇ ಇರುತ್ತಾರೆ. ಅರಸೀಕೆರೆಯಲ್ಲಿದ್ದಾಗ ಸೈಕಲ್ಲಿನ ಚೈನು ಕಳಚಿದರೂ ಅಂಗಡಿಯವರೆಗೆ ತಳ್ಳಿಕೊಂಡು ಹೋಗುತ್ತಿದ್ದವರು, ಇಲ್ಲಿಯ ಗ್ಯಾರೇಜಿನವನು ಕೊಟ್ಟ ಅಂದಾಜು ಪಟ್ಟಿ ನೋಡಿದ ಗಳಿಗೆಯಲ್ಲೇ ಮೆಕ್ಯಾನಿಕ್ ಆಗಿಬಿಟ್ಟರು. ಮುಂದಿನ ಎರಡು ಚಕ್ರಕ್ಕೆ ಬ್ರೇಕ್ ಪ್ಯಾಡು, ರೋಟರು: 500 ಡಾಲರ್. ಬಂದು ಹದಿನೆಂಟು ವರ್ಷವಾದರೂ ರಾಯರ ತಲೆಯೊಳಗಿನ ಗುಣಾಕಾರ ನಿಂತಿಲ್ಲ.

"ಆ ದುಡ್ಡಿಗೆ ಊರಲ್ಲಿ ಹಳೇ ಸ್ಕೂಟರೇ ಬರುತ್ತೆ ಕಣಯ್ಯ!"

ಅವರದು ಫೋರ್ಡ್ ಎಫ್-150. 1977ರಿಂದೀಚೆಗೆ ಅಮೆರಿಕದಲ್ಲಿ ಮಾರಾಟದಲ್ಲಿ ಮೊದಲ ಸ್ಥಾನ ಬಿಟ್ಟುಕೊಡದ ಪಿಕಪ್ ಮನೆತನ. ಜನ ಅದರಲ್ಲಿ ಮರಳು, ಮರದ ದಿಮ್ಮಿ, ಕುದುರೆಗೆ ಹುಲ್ಲು ಹೇರುತ್ತಾರೆ. ರಾಯರು ಈವರೆಗೆ ಹೇರಿದ್ದು ಸೋನಾ ಮಸೂರಿ ನಾಲ್ಕು ಮೂಟೆ, ಗಣೇಶನ ಹಬ್ಬದ ಮಂಟಪ ಒಂದು. ಬ್ರೇಕ್ ಒತ್ತಿದಾಗಲೆಲ್ಲ ಕೀ... ಎನ್ನುತ್ತಿತ್ತು. ಪ್ಯಾಡು ಸವೆದಾಗ ಅದರಲ್ಲಿರುವ ತಗಡಿನ ನಾಲಿಗೆ, ಚಕ್ರದ ಜೊತೆ ತಿರುಗುವ ತಟ್ಟೆಗೆ, ಅಂದರೆ ರೋಟರಿಗೆ, ತಾಗಿ ಹಾಗೆ ಕಿರುಚುತ್ತದೆ, ಕಿರುಚಲೆಂದೇ ಇಟ್ಟಿರುತ್ತಾರೆ. ಇದನ್ನು ರಾಯರು ನನಗೆ ಮೂರು ಸಲ ವಿವರಿಸಿದ್ದರು.

ಈ ಜಾತಿಯವರ ಒಂದು ಲಕ್ಷಣವೆಂದರೆ, ಕೆಲಸ ತಾವೇ ಮಾಡಬೇಕು, ಆದರೆ ಮಾಡುವುದನ್ನು ನೋಡಲು ಒಬ್ಬನಿರಬೇಕು. ಅವನ ಹುದ್ದೆಯ ಹೆಸರು ಟಾರ್ಚ್ ಹಿಡಿಯುವವನು. ಆ ಶನಿವಾರ ನಾನು ಸಿಕ್ಕಿಬಿದ್ದೆ. "ಅರ್ಧ ಗಂಟೆ ಕೆಲಸ, ಊಟಕ್ಕೆ ಇಲ್ಲೇ ಇರು" ಅಂದರು. ಯಾವ ಹೊತ್ತಿನ ಊಟ ಅಂತ ನಾನೂ ಕೇಳಲಿಲ್ಲ.

ಜಾಕ್ ಏರಿತು, ಸ್ಟ್ಯಾಂಡು ಕೂತಿತು, ಚಕ್ರ ಬಂತು, ಪ್ಯಾಡು ಹಿಡಿದಿರುವ ಕ್ಯಾಲಿಪರಿನ ಬೋಲ್ಟೂ ಬಿಚ್ಚಿಕೊಂಡಿತು. ಕ್ಯಾಲಿಪರನ್ನು ಅದರ ರಬ್ಬರ್ ಹೋಸಿನಿಂದ ಜೋತು ಬಿಡಬಾರದು. ರಾಯರು ಸೂಟು ತೂಗುಹಾಕುವ ತಂತಿಯ ಹ್ಯಾಂಗರ್ ತಂದು, ಬಗ್ಗಿಸಿ, ಸ್ಪ್ರಿಂಗಿಗೆ ಕಟ್ಟಿದರು. ಸೂಟು ವಾಷಿಂಗ್ ಮಷೀನಿನ ಮೇಲೆ ಬಿದ್ದಿತ್ತು.

ಆಮೇಲೆ ಬಂತು ರೋಟರು. ಬರಬೇಕಿತ್ತು, ಬರಲಿಲ್ಲ. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎನ್ನುವ ಮಾತನ್ನು ನಮ್ಮಲ್ಲಿ ಯಾರು ಪಾಲಿಸುತ್ತಾರೋ ಬಿಡುತ್ತಾರೋ, ಮಿಷಿಗನ್ನಿನ ರೋಟರು ಪಾಲಿಸುತ್ತದೆ. ಹತ್ತು ಚಳಿಗಾಲದ ಉಪ್ಪು ತಿಂದು, ತುಕ್ಕು ಹಿಡಿದು, ಚಕ್ರ ಕೂರುವ ಹಬ್ಬನ್ನು ಅಪ್ಪಿಕೊಂಡಿತ್ತು. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಕಾದರು. ರಬ್ಬರ್ ಸುತ್ತಿಗೆಯಲ್ಲಿ ತಟ್ಟಿದರು. ಆಮೇಲೆ ಕಬ್ಬಿಣದ್ದರಲ್ಲಿ ಬಡಿದರು. ಪಕ್ಕದ ಮನೆಯ ಬಿಲ್ ಬೇಲಿಯ ಮೇಲಿಂದ ಇಣುಕಿ, ಕೈಬೀಸಿ, ಒಳಗೆ ಹೋಗಿ ಕಿಟಕಿ ಮುಚ್ಚಿದ. ನಲವತ್ತೋ ಐವತ್ತೋ ಏಟಿಗೆ ರೋಟರು ದಡಾರನೆ ಕಳಚಿ, ರಾಯರ ಬೂಟಿನ ಪಕ್ಕದಲ್ಲಿ ಬಿತ್ತು. "ನೋಡಿದ್ಯಾ, ಟೆಕ್ನಿಕ್!" ಅಂದರು.

ಹೊಸ ಪ್ಯಾಡು ದಪ್ಪ. ಅದಕ್ಕೆ ಜಾಗವಾಗಲು ಹೊರಗೆ ಬಂದಿರುವ ಕ್ಯಾಲಿಪರಿನ ಪಿಸ್ಟನ್ನನ್ನು ಸಿ-ಕ್ಲ್ಯಾಂಪಿನಲ್ಲಿ ಒಳಕ್ಕೆ ಒತ್ತಬೇಕು. ಒತ್ತಿದಷ್ಟೂ ಬ್ರೇಕ್ ಆಯಿಲ್ ಹಿಂದಕ್ಕೆ ಹೋಗಿ ಡಬ್ಬಿ ಸೇರುತ್ತದೆ. ಪ್ಯಾಡು ಸವೆದು ಮಟ್ಟ ಇಳಿದಿದ್ದನ್ನು ಕಂಡು ರಾಯರು ಹಿಂದಿನ ವಾರವಷ್ಟೇ ಡಬ್ಬಿಯನ್ನು ಕಂಠಮಟ್ಟ ತುಂಬಿಸಿದ್ದರು. ಮುಚ್ಚಳವನ್ನೂ ತೆಗೆದಿಟ್ಟಿದ್ದರು. ಇವರು ಕೆಳಗೆ ಕ್ಲ್ಯಾಂಪ್ ತಿರುಗಿಸುತ್ತಿದ್ದಂತೆ ಮೇಲೆ ಉಕ್ಕಿ ಹರಿಯಿತು. ಕಾಫಿ ತಂದಿದ್ದ ಅವರ ಹೆಂಡತಿ ಬಾನೆಟ್ಟಿನೊಳಗೆ ಇಣುಕಿ, "ರೀ, ಹಾಲುಕ್ಕಿಸೋಕೆ ಇದೇನು ಗೃಹಪ್ರವೇಶವೇ?" ಎಂದರು. ಬ್ರೇಕ್ ಆಯಿಲ್ ಬಣ್ಣ ತಿನ್ನುತ್ತದೆ. ನಾನು ಟಾರ್ಚ್ ಬಿಟ್ಟು ನೀರಿನ ಬಕೆಟ್ಟಿಗೆ ಓಡಿದೆ. "ಬೆಳಕು! ಬೆಳಕು ಎಲ್ಲಿ ಹೋಯ್ತು?" ಅಂತ ಕೆಳಗಿಂದ ಕೂಗು.

ಟಾರ್ಕ್ ರೆಂಚಿನ ವಿಷಯದಲ್ಲಿ ಮಾತ್ರ ಅವರು ಭಕ್ತರು. ನಟ್ಟುಗಳನ್ನು 150 ಅಡಿ-ಪೌಂಡಿಗೆ ಬಿಗಿ ಮಾಡುವಾಗ ಬರುವ ಆ 'ಟಕ್' ಕೇಳಲು ಒಂದೊಂದಕ್ಕೂ ಕಣ್ಣು ಮುಚ್ಚುತ್ತಿದ್ದರು.

ಸಂಜೆ ಆರಕ್ಕೆ ಪರೀಕ್ಷಾರ್ಥ ಸವಾರಿ. ಕ್ಲ್ಯಾಂಪ್ ಒತ್ತಿದ ಮೇಲೆ ಪಿಸ್ಟನ್ನು ಪ್ಯಾಡಿಗೆ ಬಂದು ತಾಗುವವರೆಗೆ ಪೆಡಲ್ ತುಳಿಯುತ್ತಿರಬೇಕು. ಆಮೇಲಷ್ಟೇ ಗಾಡಿ ಕದಲಿಸಬೇಕು. ರಾಯರು ಬೆಳಿಗ್ಗೆ ನನಗೆ ಹೇಳಿಕೊಟ್ಟ ಪಾಠಗಳಲ್ಲಿ ಇದೂ ಇತ್ತು. ಎರಡು ಟನ್ನಿನ ಗಾಡಿ ಇಳಿಜಾರಿನಲ್ಲಿ ಹಿಂದಕ್ಕೆ ಹೊರಟಿತು. ಬ್ರೇಕ್ ಒತ್ತಿದರೆ ಪೆಡಲ್ ನೆಲಕ್ಕೇ ಹೋಯಿತು. ಮತ್ತೆ ಒತ್ತಿದರು. ಮತ್ತೆ. ಬಿಲ್ಲನ ಅಂಚೆಡಬ್ಬಿಗೆ ಒಂದು ಗೇಣು ಇದೆ ಎನ್ನುವಾಗ ನಿಂತಿತು.

ರಾಯರು ಇಳಿದು ಬಂದು ನನ್ನನ್ನೇ ದುರುಗುಟ್ಟಿ ನೋಡಿದರು. "ಪಂಪ್ ಮಾಡಿ ಅಂತ ನೆನಪಿಸೋದಲ್ವೇನಯ್ಯ? ಟಾರ್ಚ್ ಹಿಡಿದವನಿಗೆ ಅಷ್ಟೂ ಜವಾಬ್ದಾರಿ ಬೇಡವಾ?"

ಊಟಕ್ಕೆ ಕೂತಾಗ ಲೆಕ್ಕ. ಪ್ಯಾಡು, ರೋಟರಿಗೆ 220. ಜಾಕ್, ಸ್ಟ್ಯಾಂಡು, ಕ್ಲ್ಯಾಂಪು, ರೆಂಚು, ಸಾಕೆಟ್ ಪೆಟ್ಟಿಗೆ ಸೇರಿ 340. ಮೂಗಿಗಿಂತ ಮೂಗುತಿ ಭಾರವಾಯಿತಲ್ಲ ಎಂದು ಅವರ ಹೆಂಡತಿ ಸಾರು ಬಡಿಸುತ್ತಾ ಅಂದರು. "ಸ್ಪ್ಯಾನರ್ ಖರ್ಚಲ್ಲ ಕಣೇ, ಆಸ್ತಿ" ಎಂದರು ರಾಯರು. ಆಸ್ತಿಯನ್ನು ದುಡಿಸಬೇಕು ಎನ್ನುವ ಯೋಚನೆ ಅವರ ಮುಖದಲ್ಲಿ ಆಗಲೇ ಸುಳಿದಿತ್ತು, ನಾನು ಗಮನಿಸಲಿಲ್ಲ.

ಮಜ್ಜಿಗೆ ಕುಡಿದು ಹೊರಟೆ. ರಸ್ತೆಗೆ ಇಳಿಯುವ ಮುನ್ನ ಬ್ರೇಕ್ ಒತ್ತಿದೆ. ನನ್ನ ಕಾರು ಕೀ... ಎಂದಿತು. ಕನ್ನಡಿಯಲ್ಲಿ ನೋಡಿದರೆ, ರಾಯರು ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಟಾರ್ಚನ್ನು ತಾವೇ ಹಿಡಿದು, ನಗುತ್ತಾ ಬರುತ್ತಿದ್ದರು.